ನಾಲ್ಕು ಗಂಟೆ ದೂರದ ಊರುಗಳು

ನನ್ನ ಮೊಬೈಲು ನನ್ನನ್ನು ಯಾರೋ ದೊಡ್ಡ ಮನುಷ್ಯ ಎಂದು ತಿಳಿದುಕೊಂಡಿದೆ. ಬೆಳಿಗ್ಗೆ ಬೀಟ್‌ರೂಟ್ ಹೊಲಕ್ಕೆ ನೀರು ಬಿಟ್ಟು, ಬದುವಿನ ಮೇಲೆ ಕುಳಿತು, ಇವತ್ತು ಮಳೆ ಬರುತ್ತದೋ ಇಲ್ಲವೋ ನೋಡೋಣ ಎಂದು ತೆರೆದರೆ, ನೈರೋಬಿಯಲ್ಲಿ ತಂಗಲು ಒಳ್ಳೆಯ ಹೋಟೆಲುಗಳನ್ನು ತೋರಿಸುತ್ತದೆ. ಮಧ್ಯಾಹ್ನ ಮುದ್ದೆ ಮುರಿಯುತ್ತಿರುವಾಗ ರೇಕ್ಯಾವಿಕ್‌ನಲ್ಲಿ ಚಳಿ ಜಾಸ್ತಿಯಾಗಿದೆ, ಬೆಚ್ಚನೆಯ ಕೋಟು ಕೊಳ್ಳಿ ಎನ್ನುತ್ತದೆ. ಎದುರುಮನೆಯ ಬಸವಣ್ಣನ ಮೊಬೈಲಿನಲ್ಲಿ ಬರುವುದು ಟ್ರಾಕ್ಟರಿನ ಟೈರು, ಮೊಣಕಾಲು ನೋವಿನ ಎಣ್ಣೆ. ನನ್ನದರಲ್ಲಿ ಸಮುದ್ರತೀರ.

ನಾನು ವಿಮಾನ ಹತ್ತಿದವನಲ್ಲ. ವಿಮಾನ ನಿಲ್ದಾಣವನ್ನು ಹೊರಗಿನಿಂದಲೂ ನೋಡಿಲ್ಲ. ನಮ್ಮ ಗೆಟ್ಟವಾಡಿಯ ಆಕಾಶದಲ್ಲಿ ಅದು ಬಿಳಿ ಗೆರೆ ಎಳೆದುಕೊಂಡು ಹೋಗುವುದನ್ನು ಕಂಡಿದ್ದೇನೆ, ಅಷ್ಟೆ. ಒಮ್ಮೆ ಕೋಸಿಗೆ ಔಷಧಿ ಹೊಡೆಯುತ್ತಾ ಆ ಗೆರೆಯನ್ನೇ ನೋಡುತ್ತಾ ನಿಂತು, ಪಂಪಿನ ಮೂತಿ ಬಸವಣ್ಣನ ಕಡೆಗೆ ತಿರುಗಿದ್ದು ಗೊತ್ತಾಗಲಿಲ್ಲ. "ಯೋ, ಕಣ್ಣ ಎಲ್ಲಿಟ್ಟಿದ್ದಯ್ಯಾ? ನಾನೇನ್ ಕೋಸಿನ ಉಳನಾ?" ಎಂದು ಅವನು ಊರಿಗೆಲ್ಲ ಕೇಳುವಂತೆ ಕೂಗಿದ. ವಿಮಾನಕ್ಕೂ ನನಗೂ ಇದ್ದ ಸಂಬಂಧ ಇಷ್ಟೇ.

ಆದರೂ ಮೊಬೈಲಿನದು ತಪ್ಪು ಎನ್ನುವಂತಿಲ್ಲ. ವರ್ಷಕ್ಕಿಂತ ಹೆಚ್ಚು ಕಾಲ ನಾನು ಅದರ ಹತ್ತಿರ ಕೇಳಿದ್ದು ಒಂದೇ ಮಾತು. ಆ ಊರಿನ ವಿಮಾನ ನಿಲ್ದಾಣದಿಂದ ಈ ಊರಿನ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ಎರಡೂ ನಾನು ಕಾಣದ ಊರುಗಳು, ಕಾಣುವ ಆಸೆಯೂ ಇಲ್ಲದ ಊರುಗಳು. ಕೇಳಿಸುತ್ತಿದ್ದವಳು ನನ್ನ ಹೆಂಡತಿ ಮಾದೇವಿ. ಅವಳು ಹೋಗಿ ಒಂದು ಮುಂಗಾರು ಕಳೆಯಿತು. ಮೊಬೈಲಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.

ದೂರದ ವಿಷಯ ಬಂದಿದ್ದರಿಂದ ನಮ್ಮ ಕಡೆಯ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಾಳವಾಡಿ ಬೆಟ್ಟದಲ್ಲಿ ಯಾರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಕೆಳಗಿನ ಸತ್ಯಮಂಗಲಕ್ಕೆ ಎಷ್ಟು ಹೊತ್ತಿನ ದಾರಿ ಎಂದು ನೀವು ಕೇಳಿದರೆ, "ಆನೆ ಇದ್ರೋ, ಇಲ್ದಿದ್ರೋ?" ಎಂದು ಮರುಪ್ರಶ್ನೆ ಬರುತ್ತದೆ. ದಿಂಬದ ಘಟ್ಟದಲ್ಲಿ ಇಪ್ಪತ್ತೇಳು ತಿರುವು. ಕಬ್ಬಿನ ಲಾರಿಯೊಂದು ಸಿಕ್ಕಿಹಾಕಿಕೊಂಡರೆ ಒಂದು ಲೆಕ್ಕ, ಆ ಲಾರಿಯ ಕಬ್ಬಿಗೆ ಆನೆ ಬಂದರೆ ಇನ್ನೊಂದು ಲೆಕ್ಕ. ಆನೆ ತಿಂದು ಮುಗಿಸಿ ಮರಿಯನ್ನು ಕರೆದುಕೊಂಡು ಹೋಗುವ ತನಕ ಬಸ್ಸಿನವರೆಲ್ಲ ಕಡಲೆಕಾಯಿ ಬಿಡಿಸುತ್ತಾ ಕೂತಿರುತ್ತೇವೆ. ಆ ಹೊತ್ತಿನಲ್ಲಿ ಎಷ್ಟೋ ಮದುವೆಯ ಮಾತುಕತೆಗಳು ಮುಗಿದಿವೆ. ಯಾರೂ ಗಡಿಯಾರ ನೋಡುವುದಿಲ್ಲ. ಆನೆ ನಿಂತಿದೆ ಎಂದ ಮೇಲೆ ಮುಗಿಯಿತು.

ಇನ್ನೊಂದು ಪದ್ಧತಿಯೂ ಇದೆ. ಒಂದು ಊರಿಗೆ ಹೊರಡುವ ಮೊದಲು, "ಅಲ್ಲಿ ನಮ್ಮೋರು ಯಾರವ್ರೆ?" ಎಂದು ಕೇಳಬೇಕು. ಯಾರೂ ಇಲ್ಲದ ಊರಿಗೆ ಹೋಗುವುದೆಂದರೆ ನನ್ನ ಅಜ್ಜಿಯ ಪ್ರಕಾರ ಬಾವಿಗೆ ಇಳಿದಂತೆ. ಹಾಗೆಂದು ಅಜ್ಜಿ ಯಾರನ್ನೂ ತಡೆಯುತ್ತಿರಲಿಲ್ಲ. ಎಲ್ಲ ಊರಿನಲ್ಲೂ ಯಾರನ್ನಾದರೂ ಹುಡುಕಿ ತೆಗೆಯುತ್ತಿದ್ದಳು. ನಾನು ಮೊದಲ ಸಲ ಈರೋಡಿಗೆ ಹೊರಟಾಗ ಅರ್ಧ ದಿನ ಯೋಚಿಸಿ, ನಮ್ಮ ಮನೆಯಿಂದ ಯಾವುದೋ ಕಾಲದಲ್ಲಿ ಎತ್ತು ಕೊಂಡುಹೋದವನೊಬ್ಬನನ್ನು ನೆನಪಿಸಿಕೊಂಡಳು. "ನಮ್ಮೆತ್ತು ಅವ್ನ ಒಲ ಉತ್ತದೆ. ನಮ್ಮೋನಲ್ದೆ ಇನ್ನಾರು?" ಎಂದು ಚೀಲದ ತುಂಬ ಅವರೆಕಾಯಿ ಕಟ್ಟಿಕೊಟ್ಟಳು. ಬರಿಗೈಯಲ್ಲಿ ಹೋಗಬಾರದಲ್ಲ. ನಾನು ಆ ಮನುಷ್ಯನ ಮನೆ ಹುಡುಕಿ, ಬಾಗಿಲಲ್ಲಿ ನಿಂತು, ತಮಿಳಿನಲ್ಲಿ ಎತ್ತಿನ ಬಣ್ಣ ಹೇಳಿ ಪರಿಚಯ ಮಾಡಿಕೊಂಡೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಎಲೆ ಹಾಕಿಸಿದ. ಎತ್ತು ಸತ್ತು ಬಹಳ ವರ್ಷವಾಗಿತ್ತಂತೆ. ಊಟ ಮಾಡುವಾಗ ಇಬ್ಬರೂ ಅದರ ಗುಣಗಾನ ಮಾಡಿದೆವು.

ಮಾದೇವಿಯೂ ಅದೇ ಅಜ್ಜಿಯ ಕೈಯಲ್ಲಿ ಬೆಳೆದವಳು. ನನ್ನ ಅಕ್ಕನ ಮಗಳು. ತೊಟ್ಟಿಲಲ್ಲಿದ್ದಾಗಿನಿಂದ ನಾನು ಅವಳಿಗೆ ಮಾವ, ತಾಳಿ ಕಟ್ಟಿದ ಮೇಲೂ ಮಾವ. ಐದನೇ ತರಗತಿ ಓದಿದ್ದಳು. ನಾನು ಎಂಟು ಓದಿದ್ದೆ. ಆ ಮೂರು ತರಗತಿಯ ಹೆಚ್ಚುವರಿ ಜ್ಞಾನವನ್ನು ನಾನು ಎಲ್ಲಿ ಇಟ್ಟಿದ್ದೇನೆ ಎಂದು ಆಗಾಗ ಕೇಳುತ್ತಿದ್ದಳು.

ಅವಳ ಮೂತ್ರಪಿಂಡ ಕೈಕೊಟ್ಟಾಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದರು. ನಮ್ಮ ಹೊಲದ ಬದು ದಾಟಿದರೆ ಕರ್ನಾಟಕ. ಚಾಮರಾಜನಗರದಲ್ಲಿ ನಮ್ಮೋರು ಬೀದಿಗೊಬ್ಬರು ಇದ್ದಾರೆ. ಆದರೆ ಆಸ್ಪತ್ರೆಯ ಕಾರ್ಡು ತಮಿಳುನಾಡಿನದು, ಅದಕ್ಕೆ ಬದು ದಾಟಲು ಬರುವುದಿಲ್ಲ. ಆದ್ದರಿಂದ ಮೊದಲ ಬಸ್ಸು ಹಿಡಿದು, ತಾಳವಾಡಿ, ಹಾಸನೂರು ದಾಟಿ, ದಿಂಬ ಇಳಿದು, ಬಣ್ಣಾರಿ ಅಮ್ಮನ ಗುಡಿಗೆ ಬಸ್ಸಿನಿಂದಲೇ ಕೈಮುಗಿದು ಸತ್ಯಮಂಗಲಕ್ಕೆ. ಅಲ್ಲಿ ನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಒರಗಿರಬೇಕು, ಕೈಗೆ ಎರಡು ಕೊಳವೆ. ನೀರು ಲೆಕ್ಕದಲ್ಲಿ. ಅವರೆಕಾಯಿ, ಬಾಳೆಹಣ್ಣು, ಎಳನೀರು ಯಾವುದೂ ಕೂಡದು. ಅವರೆಕಾಯಿ ಬಿಡುವುದೆಂದರೆ ನಮ್ಮ ಕಡೆಯವರಿಗೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಆ ವರ್ಷ ಪಕ್ಕದ ಮನೆಯವರು ಹಿತಕಿದವರೆ ಸಾರು ಮಾಡಿದ ದಿನ ಮಾದೇವಿ ಎದ್ದು ಹೋಗಿ ನಮ್ಮ ಮನೆಯ ಕಿಟಕಿ ಮುಚ್ಚಿದಳು.

ಕೆಲವು ತಿಂಗಳು ಸುಮ್ಮನೆ ಬಂದಳು. ಒಂದು ದಿನ ಹಿಂದಿರುಗುವ ಬಸ್ಸಿನಲ್ಲಿ, ಯಾವುದೋ ತಿರುವಿನಲ್ಲಿ ಕೋತಿಗಳನ್ನು ನೋಡುತ್ತಾ, ಬೇರೆ ಯಾರದೋ ವಿಷಯ ಹೇಳುವವಳಂತೆ ಹೇಳಿದಳು.

"ಮಾವ, ಸಾಕು ಬುಡು. ಸೋಮವಾರದಿಂದ ನಾ ಬರಲ್ಲ."

"ಯಾಕೆ, ನೋವಾ?"

"ನೋವಲ್ಲ ಕಣ. ಈ ಬಸ್ಸಲ್ಲಿ ಕೂತ್ರೆ ಒಂದು ಊರಾದ್ರೂ ಬತ್ತದೆ. ಆ ಕುರ್ಚಿಲಿ ಅಷ್ಟೊತ್ತು ಕೂತ್ರೂ ಎಲ್ಗೂ ಓಯ್ತಿಲ್ಲ. ಕೂತ್ ಕೂತ್ ಎದ್ರೆ ಅದೇ ಗೋಡೆ."

ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಅದನ್ನು ಮತ್ತೆ ಹೇಳಿ ಅವಳನ್ನು ಹೆದರಿಸಲು ನನಗೆ ಬಾಯಿ ಬರಲಿಲ್ಲ. ಹೆದರುವ ಹೆಂಗಸೂ ಅಲ್ಲ. ಮನೆಗೆ ಬಂದು ಎಮ್ಮೆಗೆ ಹುಲ್ಲು ಹಾಕುತ್ತಾ ಅವಳ ಮಾತನ್ನೇ ಯೋಚಿಸಿದೆ. ಅವಳು ಕೇಳಿದ್ದು ತಪ್ಪಿಲ್ಲ ಅನ್ನಿಸಿತು. ನಾಲ್ಕು ಗಂಟೆ ಕೂತ ಮೇಲೆ ಒಂದು ಊರು ಬರಬೇಕು. ಮೊಬೈಲು ತೆಗೆದು, ನಾಲ್ಕು ಗಂಟೆಗೆ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂದು ಕೇಳಿದೆ. ಅದು ವಿಮಾನಗಳನ್ನು ತೋರಿಸಿತು.

ಸೋಮವಾರ ಬೆಳಿಗ್ಗೆ, "ಏಳು, ನೈರೋಬಿಯಿಂದ ಜೊಹಾನ್ಸ್‌ಬರ್ಗ್‌ಗೆ ನಾಲ್ಕೇ ಗಂಟೆಯಂತೆ," ಎಂದೆ.

"ಅದ್ಯಾವ ಅಳ್ಳಿ?"

"ಆಫ್ರಿಕಾ."

"ಕೊಯಮತ್ತೂರಿಂದ ಓಗದಾ?"

"ಇಲ್ಲ, ನೈರೋಬಿಯಿಂದಲೇ ಹತ್ತೋದು."

ಅವಳು ತಲೆಯಾಡಿಸಿದಳು. "ಅದೇ ಒಳ್ಳೇದು. ಕೊಯಮತ್ತೂರಿಂದ ಒಂಟ್ರೆ ಮನಸ್ಸೆಲ್ಲ ಎಮ್ಮೆ ಮ್ಯಾಲೇ ಇರ್ತದೆ." ಆಮೇಲೆ ಸೀರೆ ಸರಿಮಾಡಿಕೊಳ್ಳುತ್ತಾ ಕೇಳಿದಳು, "ಅಲ್ಲಿ ನಮ್ಮೋರು ಯಾರವ್ರೆ?"

"ಯಾರೂ ಇಲ್ಲ."

"ಯಾರೂ ಇಲ್ದೆ ಓಗದಾ? ಅಜ್ಜಿ ಇದ್ದಿದ್ರೆ ನಿನ್ ಕಿವಿ ಇಂಡೋಳು," ಎಂದಳು. ಆದರೆ ಚಪ್ಪಲಿ ಹಾಕಿಕೊಂಡಳು.

ಹೀಗೆ ಶುರುವಾಯಿತು. ಆಸ್ಪತ್ರೆಯಲ್ಲಿ ಸೆಲ್ವಿ ಎಂದು ಒಬ್ಬಳು ಸಿಸ್ಟರ್. ಸತ್ಯಮಂಗಲದವಳೇ, ಕನ್ನಡವನ್ನು ತಮಿಳಿನ ಮೇಲೆ ಕೂರಿಸಿ ಓಡಿಸುತ್ತಿದ್ದಳು. ತೋಳಿಗೆ ಬಿ.ಪಿ. ಪಟ್ಟಿ ಸುತ್ತಲು ಬಂದಾಗ ಮಾದೇವಿ, "ಸಿಸ್ಟ್ರೇ, ಬೆಲ್ಟ್ ಬಿಗಿಯಾಗಾಕು, ನೈರೋಬಿಯಿಂದ ಒಂಟಿವ್ನಿ," ಎಂದಳು. ಸೆಲ್ವಿ ನನ್ನ ಕಡೆ ನೋಡಿದಳು. ನಾನು ವಿಷಯ ಹೇಳಿದೆ. ಅವಳು ನಗಲಿಲ್ಲ. ಯಂತ್ರದ ಗುಂಡಿ ಒತ್ತುವಾಗ ನಮ್ಮ ಬಸ್ ಕಂಡಕ್ಟರುಗಳ ದನಿಯಲ್ಲಿ, "ರೈಟ್, ಪೋಲಾಂ!" ಎಂದು ಕೂಗಿದಳು. ಹೊರಡಲಿ ಎಂದು. ಪಕ್ಕದ ಕುರ್ಚಿಯಲ್ಲಿದ್ದ, ಭವಾನಿ ಊರಿನ ಜಮಖಾನೆ ನೇಯುವವರೊಬ್ಬರು ಕಣ್ಣು ಬಿಟ್ಟು, ಎಲ್ಲಿಗೆ ಎಂದು ಕೇಳಿದರು. ಅವರೂ ಹತ್ತಿದರು.

ಪ್ರಯಾಣದಲ್ಲಿ ನಾವು ಮಾಡುತ್ತಿದ್ದುದು ಏನೂ ಇಲ್ಲ. ಕೆಳಗೆ ಏನು ಕಾಣುತ್ತಿದೆ ಎಂದು ಅವಳು ಕೇಳುವುದು, ನಾನು ಮೊಬೈಲಿನ ಭೂಪಟ ನೋಡಿ ಕೆರೆಯೋ ಬೆಟ್ಟವೋ ಹೇಳುವುದು. ಆ ಊರಲ್ಲಿ ಏನು ಬೆಳೆಯುತ್ತಾರೆ ಎಂಬುದು ಅವಳಿಗೆ ಮುಖ್ಯ. ನೈರೋಬಿ ಕಡೆ ಹೂವು ಬೆಳೆದು ವಿಮಾನದಲ್ಲಿ ಕಳಿಸುತ್ತಾರೆ ಎಂದಾಗ ಎದ್ದು ಕೂರಲು ನೋಡಿದಳು. "ನಮ್ ಚೆಂಡೂವು ಬಸ್ಸಿನ್ ಟಾಪಲ್ಲಿ ಬಾಡ್ಕಂಡ್ ಬತ್ತದೆ, ಅವ್ರ ಊವು ವಿಮಾನದಲ್ಲಿ ಓಯ್ತದಾ!" ರೇಕ್ಯಾವಿಕ್‌ನಿಂದ ಮ್ಯಾಡ್ರಿಡ್‌ಗೆ ಹೋದ ದಿನ, ಆ ಚಳಿಯ ಊರಲ್ಲಿ ಗಾಜಿನ ಮನೆ ಕಟ್ಟಿ ಟೊಮೇಟೊ ಬೆಳೆಯುತ್ತಾರೆ ಎಂದು ಓದಿ ಹೇಳಿದೆ. ಪಾಪ, ಅವರಿಗೆ ರಾಗಿ ಅಂಬಲಿ ಕಾಯಿಸುವುದು ಯಾರಾದರೂ ಹೇಳಿಕೊಡಬೇಕು ಎಂದಳು. ಯಾರೂ ನಮ್ಮೋರು ಇಲ್ಲದಿದ್ದರೂ ಪ್ರತಿ ಊರಿಗೂ ಏನು ತೆಗೆದುಕೊಂಡು ಹೋಗಬೇಕೆಂಬುದನ್ನು ತೀರ್ಮಾನ ಮಾಡದೆ ಇಳಿಯುತ್ತಿರಲಿಲ್ಲ.

ಭೂಪಟದಲ್ಲಿ ವಿಮಾನದ ದಾರಿ ಬಿಲ್ಲಿನಂತೆ ಬಾಗಿರುತ್ತದೆ. ಭೂಮಿ ಗುಂಡಗಿರುವುದರಿಂದ ಹಾಗೆ ಕಾಣುತ್ತದೆ, ನಿಜವಾಗಿ ಅದೇ ನೇರ ದಾರಿ ಎಂದು ನನ್ನ ಎಂಟನೇ ತರಗತಿಯ ಜ್ಞಾನವನ್ನೆಲ್ಲ ಹೊರಗೆ ತೆಗೆದೆ. ಅವಳು ಕೇಳಲಿಲ್ಲ. "ಒಂದು ತಿರುವು ಅದೆ. ಒಂದೇ. ಪುಣ್ಯವಂತ್ರು," ಎಂದಳು.

ಒಮ್ಮೆ ಮಾತ್ರ ದೊಡ್ಡ ಎಡವಟ್ಟಾಯಿತು. ಲಿಮಾದಿಂದ ಸಾಂಟಿಯಾಗೊಗೆ ಎಂದು ಹೊರಡಿಸಿದ್ದೆ. ಸರಿಯಾಗಿ ನೋಡಿರಲಿಲ್ಲ, ಅದು ಮೂರೂವರೆ ಗಂಟೆಯ ದಾರಿ. ಮಾದೇವಿ ಗೋಡೆಯ ಗಡಿಯಾರ ನೋಡುತ್ತಲೇ ಇದ್ದಳು.

"ಇಳ್ದಾಯ್ತಲ್ಲ ಸಿಸ್ಟ್ರೇ, ಬಿಚ್ಚು."

"ಅಯ್ಯೋ ಅಕ್ಕಾ, ಇನ್ನೂ ಅರೆ ಗಂಟೆ ಇದೆ."

"ಇಳಿದ್ ಮ್ಯಾಲೂ ಒಳ್ಗೇ ಕೂರ್ಸ್ತಾರಾ? ಯಾವ ಸೀಮೆ ವಿಮಾನ ಇದು?"

ಜಮಖಾನೆಯವರೂ ಅವಳ ಪರ ನಿಂತರು. ಕೊಳವೆಗೆ ಕೈ ಹಾಕುವ ತನಕ ಹೋಯಿತು. ಸೆಲ್ವಿ ಕಣ್ಣಲ್ಲೇ ನನ್ನನ್ನು ಬೈಯುತ್ತಿದ್ದಳು. ನನಗೆ ತಟ್ಟನೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಇಳಿದಿಲ್ಲ ಕಣೇ. ಮೇಲೇ ಸುತ್ತುತ್ತಾ ಇದೆ. ಇಳಿಯೋ ಜಾಗದಲ್ಲಿ ಆನೆ ನಿಂತದೆಯಂತೆ."

ಮಾದೇವಿ ಕೈ ತೆಗೆದು ಹಿಂದಕ್ಕೆ ಒರಗಿದಳು. "ಒಂಟಿನಾ, ಮರಿ ಅದಾ?" ಎಂದಳು.

"ಮರಿ ಇದೆ."

"ಅಂಗಾರೆ ಓಗ್ಲಿ, ತಡ ಆಯ್ತದೆ."

ಆ ಅರ್ಧ ಗಂಟೆ ಒಬ್ಬರೂ ಚಕಾರ ಎತ್ತಲಿಲ್ಲ. ಸಾಂಟಿಯಾಗೊದಲ್ಲಿ ಆನೆ ಇಲ್ಲ ಎಂದು ಆಮೇಲೆ ಮೊಬೈಲು ತಿಳಿಸಿತು. ನಾನು ಯಾರಿಗೂ ಹೇಳಲಿಲ್ಲ.

ಹೊಸ ದಾರಿ ಇದ್ದರೆ ಮಾತ್ರ ಏಳುವುದು ಎಂಬುದು ಅವಳ ಷರತ್ತು. ಹೋದ ಊರಿಗೆ ಮತ್ತೆ ಹೋಗುವುದಿಲ್ಲ. ಹೀಗಾಗಿ ಬೀಟ್‌ರೂಟ್ ಕಳೆ ಕೀಳುವಾಗ, ಸೊಸೈಟಿಯಲ್ಲಿ ಹಾಲು ಹಾಕುವಾಗ, ಬಸವಣ್ಣನ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಾಗಲೂ ನಾನು ನಾಲ್ಕು ಗಂಟೆ ದೂರದ ಊರುಗಳನ್ನು ಹುಡುಕುತ್ತಿದ್ದೆ. "ಇವ್ನೇನ್ಲಾ, ಪಾಯಸ ಬುಟ್ಟು ಫೋನ್ ನೆಕ್ತಾವ್ನೆ!" ಎಂದು ಬಸವಣ್ಣ ಎಲ್ಲರ ಮುಂದೆ ಅಂದ. ಅನ್ನಲಿ. ಗುರುವಾರಕ್ಕೆ ನನ್ನ ಹತ್ತಿರ ಊರು ಇರಲಿಲ್ಲ. ಊರು ಸಿಗದಿದ್ದರೆ ಅವಳು ಏಳುವುದಿಲ್ಲ ಎಂಬುದು ಅವನಿಗೇನು ಗೊತ್ತು?

ಆಗ ಸಿಕ್ಕಿದ್ದು ಆಕ್ಲೆಂಡ್‌ನಿಂದ ರಾರೊಟೊಂಗ. ಸಮುದ್ರದ ನಡುವೆ ಒಂದು ಸಣ್ಣ ದ್ವೀಪ. ಮೂರು ಸಾವಿರ ಕಿಲೋಮೀಟರು, ನಾಲ್ಕು ಗಂಟೆ. ಸಮಯ ನೋಡಿದರೆ ಶುಕ್ರವಾರ ಬೆಳಿಗ್ಗೆ ಹೊರಟ ವಿಮಾನ ಗುರುವಾರ ಮಧ್ಯಾಹ್ನ ಇಳಿಯುತ್ತದೆ ಎಂದಿತ್ತು. ಮೊಬೈಲಿಗೆ ನೀರು ಬಿದ್ದಿದೆ ಎಂದುಕೊಂಡು ಪಂಚೆಯಲ್ಲಿ ಒರೆಸಿದೆ. ಮತ್ತೆ ಅದೇ ಬಂತು.

ನಮ್ಮ ಶಾಲೆಯಲ್ಲಿ ಒಂದು ಬಟ್ಟೆಯ ಭೂಪಟ ಇತ್ತು. ಬಲಗಡೆಯ ಅಂಚಿನಲ್ಲಿ ಸಮುದ್ರ ಕತ್ತರಿಸಿದ ಹಾಗೆ ನಿಂತುಹೋಗುತ್ತಿತ್ತು. ಅಲ್ಲಿಂದ ಮುಂದೆ ಹೋದರೆ ಎಲ್ಲಿಗೆ ಬೀಳುತ್ತೇವೆ ಎಂದು ನಾನು ಕೇಳಿದ್ದೆ. ಮೇಷ್ಟ್ರು, "ಬೀಳಲ್ಲ ಕಣೋ, ಎಡಗಡೆ ಹಿತ್ತಿಲ ಬಾಗಿಲಿಂದ ಒಳಗೆ ಬರ್ತೀಯ. ಬರುವಾಗ ದಿನ ಬದಲಾಗಿರುತ್ತೆ," ಎಂದಿದ್ದರು. ಆ ಮಾತು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಕುರ್ಚಿಯಲ್ಲಿ ಕೂತ ಮೇಲೆ ಮಾದೇವಿಗೆ ಹೇಳಿದೆ. ಅವಳು ಎರಡೆರಡು ಸಲ ಕೇಳಿಸಿಕೊಂಡಳು.

"ಇವತ್ತು ಅತ್ತಿ, ನೆನ್ನೆಗೆ ಇಳಿಯದಾ?"

"ಹೂಂ."

"ನೆನ್ನೆ ನಾವೇನ್ ಮಾಡ್ತಿದ್ದೊ?"

ಹಿಂದಿನ ದಿನ ವಿಶೇಷವೇನೂ ಇರಲಿಲ್ಲ. ಅವಳು ಹಿತ್ತಿಲಿನಲ್ಲಿ ಮೊರ ಇಟ್ಟುಕೊಂಡು ಚೆಂಡು ಹೂವು ಬಿಡಿಸಿದ್ದಳು. ಎಮ್ಮೆ ಕಟ್ಟಿದ ಹಗ್ಗ ಬಿಚ್ಚಿಕೊಂಡು ಬಂದು ಆ ಮೊರದೊಳಗೆ ಮೂತಿ ಇಟ್ಟಿತ್ತು. ಮೂಗಿನ ಮೇಲೆ ಹಳದಿ ಹೂವು ಅಂಟಿಸಿಕೊಂಡು ಅದು ನಿಂತ ಭಂಗಿಗೆ ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದೆವು. ಅಷ್ಟೆ.

"ನೆನ್ನೆ ಚೆನ್ನಾಗಿತ್ತು ಕಣ ಮಾವ," ಎಂದಳು.

ರಾರೊಟೊಂಗದಲ್ಲಿ ಕೆಸುವಿನ ಗೆಡ್ಡೆ ಬೆಳೆಯುತ್ತಾರೆ, ತೆಂಗು ಬೆಳೆಯುತ್ತಾರೆ ಎಂದು ಓದಿದೆ. ನಮ್ಮೂರ ಥರವೇ ಎಂದು ಸಮಾಧಾನಪಟ್ಟಳು. ಆಮೇಲೆ ಎಂದಿನ ಪ್ರಶ್ನೆ.

"ಅಲ್ಲಿ ನಮ್ಮೋರು ಯಾರವ್ರೆ?"

"ಯಾರೂ ಇಲ್ಲ."

"ಇರ್ಲಿ ಬುಡು. ಯಾರಾರ ಮೊದ್ಲು ಓಗ್ಬೇಕಲ್ಲ."

ಇಳಿಯುವ ಹೊತ್ತಿಗೆ ಅವಳಿಗೆ ಸಣ್ಣ ಜೊಂಪು ಹತ್ತಿತ್ತು. ಸೆಲ್ವಿ ಕೊಳವೆ ಬಿಚ್ಚಿ, "ಅಕ್ಕಾ, ಊರು ಬಂತು," ಎಂದು ಎಬ್ಬಿಸಿದಳು. ಬಸ್ಸಿಗೆ ನಡೆಯುವಾಗ ನಾನು, ಸೋಮವಾರಕ್ಕೆ ಬೇರೆ ದಾರಿ ಹುಡುಕುವುದು ಬೇಡ, ಅಲ್ಲಿಂದ ವಾಪಸ್ಸು ಬಂದರಾಯಿತು, ಅದೂ ನಾಲ್ಕು ಗಂಟೆಯೇ, ಆದರೆ ಬರುವಾಗ ಒಂದು ದಿನ ಹೋಗಿಬಿಡುತ್ತದೆ ಎಂದೆ. ನನ್ನ ಕಷ್ಟ ನನಗೆ. ಅವಳು ನನ್ನ ತೋಳು ಹಿಡಿದುಕೊಂಡೇ, "ವಾಪಸ್ ಬ್ಯಾಡ. ಬಂದ್ರೆ ಆ ದಿನ ಓಯ್ತದೆ ಅಂತೀಯಲ್ಲ," ಎಂದಳು.

ಸೋಮವಾರದ ಬಸ್ಸಿಗೆ ನಾವು ಹೊರಡಲಿಲ್ಲ. ಭಾನುವಾರ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ನಮ್ಮವರಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಕೂತು ಕೂತು ಸಾಕಾದವಳನ್ನು ಮತ್ತೆ ಕೂರಿಸುತ್ತಿದ್ದಾರಲ್ಲ ಎಂದು ನನಗೆ ಒಂದು ಕ್ಷಣ ಸಂಕಟವಾಯಿತು. ಆಮೇಲೆ, ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು ಎಂದುಕೊಂಡೆ.

ಅದಾದ ಮೇಲೂ ಸೋಮವಾರ, ಗುರುವಾರ ಮೊದಲ ಬಸ್ಸಿನ ಹಾರನ್ನಿಗೆ ಎಚ್ಚರವಾಗುತ್ತದೆ. ಎದ್ದು ಎಮ್ಮೆಯ ಹತ್ತಿರ ಹೋಗುತ್ತೇನೆ. ಊರು ಹುಡುಕುವ ಚಟವೂ ಬಿಟ್ಟಿಲ್ಲ, ಕೈ ತಾನಾಗಿ ಹುಡುಕುತ್ತದೆ. ಮೊನ್ನೆ ಓಸ್ಲೊದಿಂದ ಅಥೆನ್ಸ್ ಸಿಕ್ಕಿತು. ಇದು ಸರಿಹೋಗುತ್ತದೆ ಎಂದುಕೊಂಡೆ. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ಈ ಗುರುವಾರ ಹೊಲದಲ್ಲಿದ್ದಾಗ ಸೆಲ್ವಿ ಫೋನ್ ಮಾಡಿದಳು. ಮಾದೇವಿ ಹೋದ ಮೇಲೆ ಮೊದಲ ಸಲ.

"ಅಣ್ಣಾ, ಒಂದು ಸಹಾಯ. ತಾಳಮಲೆಯಿಂದ ಒಂದು ತಾತ ಬಂದಿದ್ದಾರೆ. ಅಕ್ಕನ ಕುರ್ಚಿಯಲ್ಲೇ. ಸೂಜಿ ಹಾಕೋಕೆ ಬಿಡ್ತಾ ಇಲ್ಲ, ಎದ್ದು ಎದ್ದು ಹೋಗ್ತಾರೆ. ಜಮಖಾನೆ ತಾತ ನಿಮ್ಮ ವಿಮಾನ ಕಥೆ ಎಲ್ಲ ಹೇಳಿಬಿಟ್ಟರು. ಈಗ ಇವರು ಆ ನಿನ್ನೆಗೆ ಇಳಿಯೋ ವಿಮಾನ ಆದರೆ ಮಾತ್ರ ಕೂರ್ತೀನಿ ಅಂತಾರೆ."

ಓಸ್ಲೊ ಇದೆ, ಸಿಡ್ನಿಯಿಂದ ಫಿಜಿ ಇದೆ ಎಂದೆ. ಆ ದ್ವೀಪವನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ಅದು ನಮ್ಮದು. ಸೆಲ್ವಿ ಫೋನನ್ನು ತಾಳಮಲೆಯ ತಾತನ ಕೈಗೆ ಕೊಟ್ಟಳು. ವಯಸ್ಸಾದ ದನಿ, ನಮ್ಮ ಬೆಟ್ಟದ ಮಾತು. ಹಿಂದೆ ಆ ಯಂತ್ರದ ಸದ್ದು ಕೇಳಿಸುತ್ತಿತ್ತು.

"ಯಾರಪ್ಪಾ, ಗೆಟ್ಟವಾಡಿಯೋರಾ? ಆ ವಿಮಾನ ನೆನ್ನೆಗೆ ಓಯ್ತದೆ ಅನ್ನದು ದಿಟವಾ?"

"ದಿಟ ತಾತ."

"ಅಷ್ಟು ದೂರ ಒಬ್ನೇ ಎಂಗಪ್ಪಾ ಓಗದು? ಅಲ್ಲಿ ನಮ್ಮೋರು ಯಾರಾರ ಅವ್ರಾ?"

ಬೀಟ್‌ರೂಟ್ ಸಾಲಿನಲ್ಲಿ ನೀರು ಬದು ಮೀರಿ ಹರಿಯುತ್ತಿತ್ತು.

"ಅವ್ರೆ ತಾತ," ಎಂದೆ. "ಬರಿಗೈಲಿ ಓಗ್ಬ್ಯಾಡಿ. ಒಂದಷ್ಟು ಅವರೆಕಾಯಿ ತಕ್ಕಂಡೋಗಿ. ಈಗ ಅವಳು ತಿನ್ಬೋದು."

"ಅವ್ರಾ? ಅಂಗಾರೆ ಸರಿ," ಎಂದರು ತಾತ. ಕುರ್ಚಿ ಕಿರ್ರೆಂದು ಹಿಂದಕ್ಕೆ ಒರಗಿತು. ಆಚೆಯಿಂದ ಸೆಲ್ವಿಯ ದನಿ ಕೇಳಿಸಿತು:

"ರೈಟ್, ಪೋಲಾಂ!"